ನಿಧಾನ ತಿರುಗಿದ ರೆಕಾರ್ಡು

ನನ್ನ ಹೆಸರು ಕೇದಾರನಾಥ. ನಾಗಪುರದ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವ ತಪ್ಪು ಹತ್ತನೆಯ ಇಯತ್ತೆಯ ಹುಡುಗನೂ ಮಾಡುವಂಥದ್ದಲ್ಲ. ಆ ತಪ್ಪಿಗೆ ನನಗೆ ಅಷ್ಟೇನೂ ನಾಚಿಕೆಯಿಲ್ಲ. ತಪ್ಪು ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡು ಕೂತೆನಲ್ಲ, ನಾಚಿಕೆ ಅದಕ್ಕೆ.

ಪ್ರತಾಪ ನಗರದ ನಮ್ಮ ಮನೆಯ ಹಾಲಿನಲ್ಲಿ ತಿಂಗಳ ಕೊನೆಯ ರವಿವಾರ ಬೆಳಿಗ್ಗೆ ಹನ್ನೊಂದಕ್ಕೆ ಒಂದು ಕೂಟ ಸೇರುತ್ತದೆ. ಅಮೆರಿಕದ ಜಾಝ್ ಮತ್ತು ಸೋಲ್ ಸಂಗೀತದ ರೆಕಾರ್ಡುಗಳನ್ನು ಕೇಳುವುದು, ಅವುಗಳ ಹಿಂದಿನ ಕಥೆ ಹೇಳುವುದು. ಬರುವವರು ಹೆಚ್ಚಾಗಿ ನಮ್ಮ ಕನ್ನಡದವರೇ, ಹದಿನೈದು ಇಪ್ಪತ್ತು ಜನ. ದಾಸರ ಪದ ಕೇಳಿ ಬೆಳೆದ ಕಿವಿಗೆ ಸ್ಯಾಕ್ಸೋಫೋನು ಸುಲಭವಾಗಿ ಹಿಡಿಸುವುದಿಲ್ಲ, ಅದಕ್ಕೇ ಕಥೆ ಬೇಕು. ಯಾವ ಗಾಯಕಿ ಮೈತುಂಬ ಜ್ವರ ಇಟ್ಟುಕೊಂಡು ಹಾಡಿದಳು, ಯಾವ ಡ್ರಮ್ಮಿನವನು ಮುನಿಸಿಕೊಂಡು ಅರ್ಧಕ್ಕೇ ಎದ್ದು ಹೋದ ಎಂದೆಲ್ಲ ನಾನು ಹೇಳುವುದು. ಪುಸ್ತಕ ಓದಿ ತಿಳಿದದ್ದು ಅರ್ಧ, ಉಪ್ಪು ಖಾರ ಹಚ್ಚಿದ್ದು ಅರ್ಧ. ಜನ ಬರುವುದು ಹಾಡಿಗಿಂತ ನನ್ನ ಮಾತಿಗೆ ಎಂದು ನನಗೆ ಗೊತ್ತಿತ್ತು. ಅದು ನನಗೆ ಹಿತವಾಗಿಯೂ ಇತ್ತು.

ಕೂಟದ ಕೊನೆಗೆ ಯಾವಾಗಲೂ ಒಂದೇ ರೆಕಾರ್ಡು ಹಚ್ಚುತ್ತಿದ್ದೆ. ಸೀತಾಬರ್ಡಿಯ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ್ದು. ನನ್ನ ಉಳಿದ ರೆಕಾರ್ಡುಗಳೆಲ್ಲ ಊಟದ ತಟ್ಟೆಯಷ್ಟು ದೊಡ್ಡವು, ನಿಮಿಷಕ್ಕೆ ಮೂವತ್ತಮೂರು ಸುತ್ತು ತಿರುಗುವಂಥವು. ಇದೊಂದೇ ಸಣ್ಣದು. ನಡುವಿನ ಕಾಗದ ನೀರು ಬಿದ್ದು ಕಿತ್ತುಹೋಗಿ ‘ನಾಗಪುರ, ೧೯೭೨’ ಎಂಬಷ್ಟು ಮಾತ್ರ ಉಳಿದಿತ್ತು. ರೈಲ್ವೆಯವರ ಕ್ಲಬ್ಬೊಂದರ ಬ್ಯಾಂಡು ತನ್ನ ವಾರ್ಷಿಕೋತ್ಸವಕ್ಕೆ ನೂರು ಪ್ರತಿ ಮಾಡಿಸಿತ್ತಂತೆ, ಅಂಗಡಿಯವನಿಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಮನೆಗೆ ತಂದು ಹಚ್ಚಿದೆ. ನಿಧಾನವಾದ, ಭಾರವಾದ ಗಂಡಸಿನ ದನಿ. ಇಂಗ್ಲಿಷ್ ಮಾತುಗಳು ನಿದ್ದೆಗಣ್ಣಿನಲ್ಲಿ ಆಡಿದಂತೆ ಕಲಸಿಹೋಗಿದ್ದವು. ಹಿಂದೆ ಕಾಲೆಳೆದು ನಡೆಯುವ ಡ್ರಮ್ಮು. ಹಾಡು ಮುಗಿಯುವಾಗ ಗಂಟಲಲ್ಲಿ ಏನೋ ಗೊರಗುಟ್ಟಿದ ಸದ್ದು. ನನ್ನ ಕಣ್ಣಲ್ಲಿ ನೀರು ಬಂತು.

ಹಾಡಿದವನು ಎಂಜಿನ್ ಡ್ರೈವರ್ ಇರಬಹುದು ಎಂದೆ ಮೊದಲ ಸಲ. ಹೆಂಡತಿ ತೀರಿಕೊಂಡಿದ್ದಿರಬಹುದು ಎಂದೆ ಎರಡನೆಯ ಸಲ. ನಾಲ್ಕನೆಯ ಕೂಟದ ಹೊತ್ತಿಗೆ ‘ಇರಬಹುದು’ ಎಲ್ಲಾ ಉದುರಿ ಹೋಗಿತ್ತು. ಹೆಂಡತಿಯನ್ನು ಮಣ್ಣು ಮಾಡಿ, ಮಣ್ಣು ಮೆತ್ತಿದ ಅದೇ ಬೂಟಿನಲ್ಲಿ ಬಂದು ಮೈಕಿನ ಮುಂದೆ ನಿಂತ, ಕೊನೆಗೆ ಕೇಳುವುದು ಅವನ ಬಿಕ್ಕು ಎನ್ನುವಾಗ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಮೇ ತಿಂಗಳ ಉರಿಯಲ್ಲೂ ಆ ನಾಲ್ಕು ನಿಮಿಷ ಕೂಲರ್ ಆರಿಸಿ, ಬೆವರು ಇಳಿಯಲು ಬಿಟ್ಟು ಕೇಳುತ್ತಿದ್ದರು. ಪ್ಲೇಯರಿನಲ್ಲೇ ಇದ್ದ ವೇಗದ ಗುಂಡಿಯನ್ನು ಆಚೆ ತಳ್ಳಿ, ಇನ್ನೊಂದು ವೇಗದಲ್ಲಿ ಒಮ್ಮೆ ನೋಡೋಣ ಎಂದು ನನಗೆ ಹೊಳೆಯಲೇ ಇಲ್ಲ. ಕಥೆ ಅಷ್ಟು ಚೆನ್ನಾಗಿತ್ತು.

ಮೂರು ವರ್ಷದ ಹಿಂದೆ ನರಹರಿರಾಯರು ಮತ್ತು ಕೃಷ್ಣವೇಣಿಬಾಯಿ ಕೂಟಕ್ಕೆ ಬರತೊಡಗಿದರು. ರಾಯರು ಕೋರಾಡಿಯ ವಿದ್ಯುತ್ ಕೇಂದ್ರದಲ್ಲಿ ಎಂಜಿನಿಯರ್ ಆಗಿ ನಿವೃತ್ತರಾಗಿ ನಮ್ಮ ಹಿಂದಿನ ಗಲ್ಲಿಯಲ್ಲಿ ಮನೆ ಮಾಡಿದವರು. ಬಾಯಿ ತೆರೆದರೆ ಚೇಷ್ಟೆ. ಆಕೆಯದು ಮಾತು ಕಡಿಮೆ. ಹುಬ್ಬಳ್ಳಿ ಕಡೆಯಿಂದ ಬಂದ ರೈಲ್ವೆ ಗಾರ್ಡೊಬ್ಬರ ಮಗಳು, ಅಜನಿಯ ಕ್ವಾರ್ಟರ್ಸಿನಲ್ಲಿ ಬೆಳೆದು ಕಾನ್ವೆಂಟಿನಲ್ಲಿ ಓದಿದವರು. ಅವರು ಬಂದ ಮೊದಲ ದಿನವೇ, ಹಾಡು ಮುಗಿದು ಎಲ್ಲರೂ ಮೂಗು ಒರೆಸಿಕೊಳ್ಳುತ್ತಿದ್ದಾಗ ಆಕೆ ಮೆಲ್ಲಗೆ ಹೇಳಿದರು.

“ಸರ್, ಇದು ನಾ ಹಾಡಿದ್ದು ಅನಸ್ತದ.”

ಎಲ್ಲರಿಗಿಂತ ಮೊದಲು ನಕ್ಕವರು ರಾಯರೇ. “ಏ ವೇಣಿ, ಇದು ಗಂಡಸಿನ ದನಿ ಅದ! ಹಂಗಾದ್ರ ನಲವತ್ತೇಳು ವರ್ಷ ನಾ ಯಾರ ಜೋಡಿ ಸಂಸಾರ ಮಾಡೇನಿ?”

ಹಾಲಿನಲ್ಲಿದ್ದವರೆಲ್ಲ ನಕ್ಕರು. ಆಕೆಯೂ ಸ್ವಲ್ಪ ನಕ್ಕು, “ಕ್ಲಬ್ಬಿನ ಬ್ಯಾಂಡಿನ್ಯಾಗ ಒಮ್ಮೆ ಹಾಡಿದ್ದೆರಿ. ಹತ್ತೊಂಬತ್ತು ವರ್ಷ ಇತ್ತು ನನಗ. ರಾಗ ಇದ, ಹಾಡೂ ಇದ,” ಎಂದರು. “ನಮ್ಮ ಮನ್ಯಾಗ ಗ್ರಾಮಾಫೋನ್ ಇರಲಿಲ್ಲ. ಅಪ್ಪಗ ಗೊತ್ತಾಗಿ ಸಿಟ್ಟಿಗೆದ್ರು, ರೆಕಾರ್ಡು ಯಾರಿಗೋ ಕೊಟ್ಟಬಿಟ್ರು. ನಾ ಕೇಳೇ ಇಲ್ಲ.”

“ಬಾಯಾರ, ಒಂದು ಹಾಡು ಹತ್ತು ಮಂದಿ ಹಾಡೋದು ಈ ಸಂಗೀತದಾಗ ರೂಢಿ ಅದ,” ಎಂದೆ ನಾನು, ತರಗತಿಯ ದನಿ ತೆಗೆದು. “ಹೆಣ್ಣಿನ ದನಿ ಸೆಕೆಂಡಿಗೆ ಎಷ್ಟು ಸಲ ಕಂಪಿಸ್ತದ, ಗಂಡಿಂದು ಎಷ್ಟು ಸಲ, ಅದಕ್ಕೊಂದು ಲೆಕ್ಕ ಅದ. ಇದು ವಿಜ್ಞಾನ.”

“ಇರಬಹುದ್ರಿ,” ಎಂದು ಆಕೆ ಅವಲಕ್ಕಿ ಪೋಹೆಯ ಪ್ಲೇಟು ಕೈಗೆತ್ತಿಕೊಂಡರು.

ಅಂದಿನಿಂದ ರಾಯರಿಗೆ ಅದೊಂದು ಆಟವಾಯಿತು. ಬಾಗಿಲಲ್ಲಿ ನಿಂತು, “ಗಾಯಕರು ಬಂದಾರ, ಜಾಗಾ ಬಿಡ್ರಿ,” ಎನ್ನುವರು. ಹಾಡು ಶುರುವಾದರೆ ಹೆಂಡತಿಯನ್ನು ಮೊಣಕೈಯಿಂದ ತಿವಿಯುವರು. ಆಕೆ ಎದುರು ಮಾತಾಡಲಿಲ್ಲ. ಆದರೆ ಹಾಡಿನ ಉದ್ದಕ್ಕೂ ಆಕೆಯ ತುಟಿ ಸಣ್ಣಗೆ ಅಲುಗುವುದನ್ನು, ಪ್ರತಿ ಮಾತಿಗೂ ಸರಿಯಾಗಿ ಅಲುಗುವುದನ್ನು ನಾನು ಕಂಡಿದ್ದೆ. ಕಂಡವನು ಒಂದು ಸಲ ಯೋಚಿಸಬೇಕಿತ್ತು.

ಈ ವರ್ಷ ಯುಗಾದಿಯ ಮಾರನೆಯ ದಿನ ಪ್ಲೇಯರಿನ ಬೆಲ್ಟು ಹರಿಯಿತು. ಸೀತಾಬರ್ಡಿಯ ರೇಡಿಯೊ ಮೆಕ್ಯಾನಿಕ್ ವಾಮನನ ಬಳಿ ಒಯ್ದೆ. ಪರೀಕ್ಷೆಗೆ ಇರಲಿ ಎಂದು ಆ ಸಣ್ಣ ರೆಕಾರ್ಡನ್ನೂ ಚೀಲಕ್ಕೆ ಹಾಕಿಕೊಂಡಿದ್ದೆ. ವಾಮನ ಹೊಸ ಬೆಲ್ಟು ಕೂರಿಸಿ, ರೆಕಾರ್ಡು ಇಟ್ಟು, ನನ್ನನ್ನು ಕೇಳದೆ ಗುಂಡಿಯನ್ನು ನಲವತ್ತೈದು ಸುತ್ತಿಗೆ ತಳ್ಳಿದ.

ಒಬ್ಬ ಹುಡುಗಿ ಹಾಡತೊಡಗಿದಳು. ತೆಳುವಾದ, ಚುರುಕಾದ, ನಗು ತಡೆದುಕೊಂಡ ದನಿ. ಡ್ರಮ್ಮು ಕಾಲೆಳೆಯುತ್ತಿರಲಿಲ್ಲ, ಕುಣಿಯುತ್ತಿತ್ತು. ಈಗ ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳಿತು. ಅಣ್ಣನ ಸೈಕಲ್ಲು ಕದ್ದು ಊರು ಸುತ್ತಲು ಹೊರಟ ಹುಡುಗಿಯ ಹಾಡು ಅದು. ಎಂಜಿನ್ ಡ್ರೈವರೂ ಇರಲಿಲ್ಲ, ಅವನ ಸತ್ತ ಹೆಂಡತಿಯೂ ಇರಲಿಲ್ಲ. ನಾನು ಬಿಕ್ಕು ಎನ್ನುತ್ತಿದ್ದ ಕಡೆ ಬ್ಯಾಂಡಿನವರಲ್ಲಿ ಯಾರೋ “ಶಾಬಾಸ್, ವೇಣಿ!” ಎಂದರು.

“ಛೋಟಾ ರೆಕಾರ್ಡ್ ಹೈ ಸರ್, ಪೈಂತಾಲೀಸ್ ಪೇ ಹೀ ಬಜತಾ ಹೈ,” ಎಂದ ವಾಮನ. ಸಣ್ಣ ರೆಕಾರ್ಡು ನಲವತ್ತೈದರಲ್ಲೇ ತಿರುಗಬೇಕು, ನೀವು ಎಷ್ಟರಲ್ಲಿ ಹಚ್ಚುತ್ತಿದ್ದಿರಿ ಎಂದು ಕೇಳಿದ. ನಾನು ಚೀಲ ಎತ್ತಿಕೊಂಡು ಆಟೋ ಹತ್ತಿದೆ.

ಮನೆಯಲ್ಲಿ ಹೆಂಡತಿ ರಾಗಿಣಿ ಒಂದು ಸಲ ರೆಕಾರ್ಡು ಕೇಳಿದವಳೇ ಅಂದಳು, “ಈಗಿಂದೀಗ ಹೋಗಿ ಹೇಳಿ ಬರ್ರಿ. ಹಿಂದಿನ ಗಲ್ಲಿ ಅದ, ದಿಲ್ಲಿ ಅಲ್ಲ.”

“ಮುಂದಿನ ಕೂಟದಾಗ ಎಲ್ಲಾರ ಮುಂದ ಹೇಳತೀನಿ. ಬಾಯಾರಿಗೂ ಮಾನ, ಅದ ಬರೋಬರ್,” ಎಂದೆ.

ಮಾತು ದೊಡ್ಡದಾಗಿಯೇ ಇತ್ತು. ಅಷ್ಟರಲ್ಲಿ, ಮೊದಲೇ ನನ್ನನ್ನು ಭೇಟಿಯಾಗಿ ಹೋಗಿದ್ದ ಮರಾಠಿ ಪತ್ರಿಕೆಯವರು ತಮ್ಮ ರವಿವಾರದ ಪುರವಣಿಯಲ್ಲಿ ಎಂಜಿನ್ ಡ್ರೈವರನ ಕಥೆಯನ್ನು ನನ್ನ ಫೋಟೋ ಸಮೇತ ಅರ್ಧ ಪುಟ ಹಾಕಿದರು. ಹಳೆಯ ವಿದ್ಯಾರ್ಥಿಗಳು ಫೋನ್ ಮಾಡಿದರು. ಹಿಂಗಣಾದ ಕಾರ್ಖಾನೆಯಲ್ಲಿರುವ ಒಬ್ಬ ಅದನ್ನು ಕ್ಯಾಂಟೀನಿನಲ್ಲಿ ಎಲ್ಲರಿಗೂ ಓದಿ ಹೇಳಿದನಂತೆ. ಏಪ್ರಿಲ್ ತಿಂಗಳ ಕೂಟಕ್ಕೆ ಕುರ್ಚಿ ಸಾಲದೆ ಚಾಪೆ ಹಾಸಿದೆವು. ಕೊನೆಯ ರೆಕಾರ್ಡಿನ ಹೊತ್ತಿಗೆ ನನ್ನ ಬೆರಳು ಗುಂಡಿಯ ಮೇಲಿತ್ತು. ಮೂವತ್ತಮೂರಕ್ಕೇ ತಳ್ಳಿದೆ. ಅಲ್ಲಿಯವರೆಗೆ ಅದು ದಡ್ಡತನ, ಅಲ್ಲಿಂದ ಮುಂದೆ ಸುಳ್ಳು.

ಮೇ ತಿಂಗಳಲ್ಲೂ ಹಾಗೇ, ಜೂನಿನಲ್ಲೂ ಹಾಗೇ. ಹಾಡು ಶುರುವಾದ ಕೂಡಲೇ ರಾಗಿಣಿ ಎದ್ದು ಅಡಿಗೆಮನೆಗೆ ಹೋಗುವಳು. ಯಾರಾದರೂ ‘ಸ್ಪೀಡು’ ಎಂಬ ಮಾತು ಎತ್ತಿದರೆ, ಅದು ಅವರ ಸ್ಕೂಟರಿನದೇ ಆಗಿದ್ದರೂ, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ರಾಯರು ಹೆಂಡತಿಯನ್ನು ತಿವಿದರೆ ಎಲ್ಲರೂ ನಗುತ್ತಿದ್ದರು. ಅವರ ಜೊತೆ ನಾನೂ ನಗುತ್ತಿದ್ದೆ.

ಜುಲೈ ಕೂಟ ಮಳೆಯಿಂದ ನಡೆಯಲಿಲ್ಲ. ಶ್ರಾವಣದಲ್ಲಿ ರಾಯರಿಗೆ ಎದೆನೋವು ಬಂತು. ನಾಲ್ಕು ದಿನ ದವಾಖಾನೆಯಲ್ಲಿದ್ದು ತೀರಿಕೊಂಡರು. ಮಾತಾಡಿಸಲು ಹೋದಾಗ ಕೃಷ್ಣವೇಣಿಬಾಯಿಯ ಎದುರು ಕೈ ಮುಗಿದು ಕೂತು, ರೆಕಾರ್ಡಿನ ಮಾತೆತ್ತದೆ ಎದ್ದು ಬಂದೆ. ಹದಿಮೂರು ದಿನ ಕಳೆದ ಮೇಲೆ ರಾಗಿಣಿ ಪ್ಲೇಯರನ್ನು ತಾನೇ ತಂದು ಬಾಗಿಲ ಬಳಿ ಇಟ್ಟಳು. “ನೀವು ಹೋಗತೀರೋ, ನಾ ಹೋಗಲೋ?” ಎಂದಳು.

ಹೋದೆ. ಆಕೆ ಒಬ್ಬರೇ ಇದ್ದರು. ಗೋಡೆಯ ಮೇಲೆ ಗಂಧದ ಹಾರ ಹಾಕಿದ ರಾಯರ ಫೋಟೋ. ನಾನು ಅದಕ್ಕೆ ಬೆನ್ನು ಹಾಕಿ ಕೂತು, ಏನೂ ವಿವರಿಸದೆ, ರೆಕಾರ್ಡನ್ನು ನಲವತ್ತೈದರಲ್ಲಿ ಹಚ್ಚಿದೆ.

ಮೊದಲ ಸಾಲಿಗೇ ಆಕೆಯ ಕೈ ಕುತ್ತಿಗೆಗೆ ಹೋಯಿತು. ಕೊನೆಯ “ಶಾಬಾಸ್, ವೇಣಿ!” ಬಂದಾಗ, “ಡ್ರಮ್ಮಿನ ರಂಜನ್,” ಎಂದರು. “ಅಂವಂದ ದನಿ. ಮತ್ತ ಇಷ್ಟು ದಿನ ನೀವು ಹಚ್ಚಿದ್ದು?”

ಇದು ನಲವತ್ತೈದು ಸುತ್ತಿನ ರೆಕಾರ್ಡು, ನಾನು ಮೂವತ್ತಮೂರರಲ್ಲಿ ತಿರುಗಿಸುತ್ತಿದ್ದೆ, ನಿಧಾನ ತಿರುಗಿದರೆ ದನಿ ದಪ್ಪವಾಗುತ್ತದೆ ಎಂದು ಹೇಳಿದೆ. ಮೂವತ್ತೊಂದು ವರ್ಷ ಕಲಿಸಿದ ಪಾಠ.

“ನನ್ನ ದನೀನ ಹಂಗ ದಪ್ಪ ಇತ್ತೇನೋ ಅಂದಕೊಂಡಿದ್ದೆ ನೋಡ್ರಿ,” ಎಂದರು ಆಕೆ. “ಅದಕ್ಕ ಅಪ್ಪ ಬ್ಯಾಡ ಅಂದ್ರೇನೋ ಅಂತ.” ಆಮೇಲೆ ಕೇಳಿದರು, “ಯಾವಾಗ ಗೊತ್ತಾತ್ರಿ ನಿಮಗ?”

‘ನಿನ್ನೆ’ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅಂದಿದ್ದರೆ ನಂಬುತ್ತಿದ್ದರು.

“ಯುಗಾದಿ ಮರುದಿನ,” ಎಂದೆ.

“ಹಂಗಾದ್ರ ಅವರು ಇದ್ರು.”

“ಹೌದ್ರಿ.”

“ಆಮ್ಯಾಲೂ ಮೂರು ಸಲ ಬಂದು ಕೂತಿದ್ವಿ.”

“ಹೌದ್ರಿ ಬಾಯಾರ.”

ಆಕೆ ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು. “ದವಾಖಾನ್ಯಾಗ ಒಂದಿನ ಚೇಷ್ಟಿ ಬಿಟ್ಟು ಕೇಳಿದ್ರು,” ಎಂದರು. “ವೇಣಿ, ಖರೇ ಹೇಳು, ಅದು ನಿಂದ ದನಿ ಏನು ಅಂತ. ನನಗೂ ಸಾಕಾಗಿತ್ತು. ನನಗ ನನ್ನ ಮ್ಯಾಲ ನಂಬಿಕಿ ಉಳದಿರಲಿಲ್ಲ. ‘ಇಲ್ರಿ, ಸುಮ್ಮ ಅಂದಿದ್ದೆ’ ಅಂದೆ. ‘ಹೌದಲ್ಲ ಮತ್ತ’ ಅಂತ ನಕ್ಕರು.”

ನಾನು ಕ್ಷಮೆ ಕೇಳಿದೆ. ಮುಂದಿನ ಕೂಟದಲ್ಲಿ ಎಲ್ಲರೆದುರು ಒಪ್ಪಿಕೊಳ್ಳುತ್ತೇನೆ, ಪತ್ರಿಕೆಗೂ ಬರೆಯುತ್ತೇನೆ ಎಂದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನ ಮಾನದ ಮಾತು ಹಾಗಿರಲಿ, ಆಕೆಗೆ ಕೊಡಲು ನನ್ನ ಬಳಿ ಅಡಿಕೆಯೂ ಇರಲಿಲ್ಲ.

“ಇನ್ನೊಮ್ಮೆ ಹಚ್ಚರಿ,” ಎಂದರು. ನಾನು ಸೂಜಿ ಎತ್ತಿ ಮೊದಲಿಗೆ ಇಡಲು ಹೋದೆ.

“ಹಿಂಗಲ್ಲರಿ. ನೀವು ಹಚ್ಚತಿದ್ರಲ್ಲ, ಹಂಗ. ಅವರು ಕೇಳಿದ್ದು ಅದನ್ನ.”

ಗುಂಡಿಯನ್ನು ಮೂವತ್ತಮೂರಕ್ಕೆ ತಳ್ಳಿದೆ. ಆ ಗಂಡಸಿನ ದನಿ ಮೆಲ್ಲಗೆ ಎದ್ದಿತು. ಆಕೆ ಕುರ್ಚಿ ತಿರುಗಿಸಿಕೊಂಡು ಗಂಡನ ಫೋಟೋಕ್ಕೆ ಎದುರಾಗಿ ಕೂತರು. ನನಗೆ ಎದ್ದು ಹೋಗಬೇಕೆನಿಸಿತು, ಆದರೆ ಹಾಡು ಮುಗಿದ ಮೇಲೆ ಸೂಜಿ ಎತ್ತಲು ಅಲ್ಲಿ ಬೇರೆ ಯಾರೂ ಇರಲಿಲ್ಲ.