ಹೇಸರಗತ್ತೆಯ ಕಂಬಳಿಗೆ ಹೆಬ್ಬೆಟ್ಟು

ಸೈನ್ಯದ ಹೇಸರಗತ್ತೆಯ ಬೆನ್ನಿಗೆ ಹೆಂಗಸು ನೆಯ್ದ ಕಂಬಳಿ ತಾಗಕೂಡದು ಎಂದು ಯಾವನೋ ಬಿಳಿ ದೊರೆ 1908ರಲ್ಲಿ ಬರೆದಿಟ್ಟಿದ್ದ. ತಾಗಿದರೆ ಹೇಸರಗತ್ತೆಗೆ ಏನಾಗುತ್ತದೆಂದು ಬರೆದಿರಲಿಲ್ಲ. ದೊರೆ ಹೋದ, ಅವನ ಬಾವುಟ ಹೋಯಿತು, ಅವನು ಕೂತು ಬರೆದ ಕುರ್ಚಿಗೂ ಗೆದ್ದಲು ಹಿಡಿದಿರಬೇಕು. ನಿಯಮ ಮಾತ್ರ 1996ರ ತನಕ ಗಟ್ಟಿಮುಟ್ಟಾಗಿತ್ತು.

ನಾನು ಅಶ್ವತ್ಥ್, ತಮಿಳುನಾಡಿನ ತೊಪ್ಪೂರು ಘಾಟಿನ ಪಕ್ಕದ ನಮ್ಮೂರಿನ ಕಂಬಳಿ ಸೊಸೈಟಿಯ ಸೆಕ್ರೆಟರಿ. ನಮ್ಮ ಕುರಿಗಳ ಉಣ್ಣೆ ಬಹಳ ಒರಟು. ಮನುಷ್ಯರು ಹೊದ್ದರೆ ಮೈ ಕೆರೆದುಕೊಳ್ಳುತ್ತಾರೆ; ಹೇಸರಗತ್ತೆಗಳು ಇದುವರೆಗೆ ದೂರು ಕೊಟ್ಟಿಲ್ಲ. ಬೆಟ್ಟದ ಮೇಲೆ ಸಾಮಾನು ಹೊರುವ ಆ ಪ್ರಾಣಿಗಳ ಜೀನಿನ ಕೆಳಗೆ ಹಾಸಲು ಸೈನ್ಯದವರು ವರ್ಷಕ್ಕೆ ಇನ್ನೂರು ಕಂಬಳಿ ನಮ್ಮಲ್ಲಿ ಕೊಳ್ಳುತ್ತಿದ್ದರು. ಹದಿನಾಲ್ಕು ಮನೆಯವರು ನೂಲುತ್ತಿದ್ದರು. ನೆಯ್ಯಲು ಉಳಿದಿದ್ದದ್ದು ಒಂದೇ ಮಗ್ಗ, ಅದೂ ದೊಡ್ಡಕ್ಕನ ಮನೆಯ, ನೆಲದ ಗುಂಡಿಗೆ ಇಳಿದು ಕೂತು ನೆಯ್ಯುವ ಗುಂಡಿ ಮಗ್ಗ.

ದೊಡ್ಡಕ್ಕನ ಗಂಡ ಪುಟ್ಟಪ್ಪ 1990ರಲ್ಲಿ, ಅರ್ಧ ಆರ್ಡರು ಬಾಕಿ ಇರುವಾಗಲೇ ತೀರಿಕೊಂಡ. ತಿಂಗಳು ಕಳೆಯುವುದರೊಳಗೆ ದೊಡ್ಡಕ್ಕ ಸೆರಗು ಬಿಗಿದುಕೊಂಡು ಗುಂಡಿಗೆ ಇಳಿದು ಉಳಿದ ಕಂಬಳಿಗಳನ್ನು ನೆಯ್ದು ಮುಗಿಸಿದಳು. ಆಮೇಲೆ ಮೇಲೆ ಬರಲೇ ಇಲ್ಲ ಎನ್ನಬೇಕು. ಊರಲ್ಲಿ ಒಬ್ಬರೂ ತುಟಿಪಿಟಕ್ ಎನ್ನಲಿಲ್ಲ. ಸೈನ್ಯದ ಫಾರಮಿನಲ್ಲಿ ಮಾತ್ರ ನೇಕಾರ ಗಂಡಸಾಗಿರತಕ್ಕದ್ದು ಎಂದಿತ್ತಲ್ಲ, ಅದಕ್ಕೆ ಅವಳ ಮೈದುನ ರಾಜಗೋಪಾಲ್ ತನ್ನ ಹೆಬ್ಬೆಟ್ಟನ್ನು ದಾನ ಮಾಡಿದ.

ಇದು ಆರು ವರ್ಷ ನಡೆಯಿತೆಂದರೆ ಇನ್ನೊಂದು ನಿಯಮದ ದಯೆ. ತನಿಖೆಗೆ ಬಂದ ಅಧಿಕಾರಿ ಪ್ಲೇಗಿನ ಭಯದ ಕಾರಣ ನೇಕಾರನ ಮನೆಯೊಳಗೆ ಕಾಲಿಡಕೂಡದು. ಹಾಗಾಗಿ ವರ್ಷಕ್ಕೊಮ್ಮೆ ಬರುವ ಮೇಜರು ಬೀದಿಯ ಬೇವಿನ ಮರದ ಕೆಳಗೆ ನಿಂತು, ಒಳಗಿನ ಮಗ್ಗದ ಸದ್ದು ಕೇಳಿ ತಲೆದೂಗುತ್ತಿದ್ದರು. ಸದ್ದು ನಿಂತ ಕೂಡಲೇ ರಾಜಗೋಪಾಲ್ ಹಿತ್ತಲಲ್ಲಿ ತಲೆಗೆ ಒಂದು ಚೊಂಬು ನೀರು ಸುರಿದುಕೊಂಡು, ಬೆವರು ಒರೆಸುತ್ತ ಮುಂಬಾಗಿಲಲ್ಲಿ ಹೊರಗೆ ಬಂದು ಹೆಬ್ಬೆಟ್ಟು ಒತ್ತುತ್ತಿದ್ದ. ಬರಬರುತ್ತ ಅವನಿಗೇ ನಂಬಿಕೆ ಬಂದುಬಿಟ್ಟಿತು. ಟೀ ಅಂಗಡಿಯಲ್ಲಿ ಕೂತು, ಮಗ್ಗದಲ್ಲಿ ಕೂತೂ ಕೂತೂ ಸೊಂಟ ಹಿಡಿದುಕೊಂಡಿದೆ ಎಂದು ನರಳುತ್ತಿದ್ದ.

ನರಳಿಕೊಂಡೇ ಇದ್ದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ಅವನು ಮೆಟ್ಟೂರಿನಲ್ಲಿರುವ ಅಳಿಯನಿಗೆ ಮಗ್ಗವನ್ನು ಕೊಡುತ್ತೇನೆಂದು ಹೊರಟ. ಸೊಸೈಟಿಯ ರಿಜಿಸ್ಟರಿನಲ್ಲಿ ಯಾರ ಹೆಸರು ನೇಕಾರ ಎಂದಿದೆಯೋ ಮಗ್ಗ ಅವರದ್ದು. ಅಲ್ಲಿದ್ದದ್ದು ರಾಜಗೋಪಾಲನ ಹೆಸರು. ಬರೆದವನು ನಾನೇ.

ದೊಡ್ಡಕ್ಕ ನನ್ನ ಹತ್ತಿರ ಬಂದು ಅಳಲಿಲ್ಲ, ಬೈಯಲೂ ಇಲ್ಲ.

“ಮಗ್ಗ ಓದ್ರೆ ನಾನೇನ್ ಮಾಡ್ಲಿ ಅಶ್ವತ್ಥ? ಕೂಲಿಗೆ ಓಗಕ್ಕೆ ನಂಗೇನ್ ಬೇಜಾರಿಲ್ಲ. ಆದ್ರೆ ಆ ಗುಂಡೀಲಿ ಕೂತಾಗ ನಾನು ಯಾರ ಮನೆ ಆಳೂ ಅಲ್ಲ.”

ಅಳಿಯ ಮಗ್ಗ ಇಡಲು ಕೋಣೆ ಕಟ್ಟಿ ಮುಗಿಸಲಿ, ಅಲ್ಲಿಯವರೆಗೆ ಇರಲಿ ಎಂದು ರಾಜಗೋಪಾಲನನ್ನು ಒಪ್ಪಿಸಿ ನಾನು ಅರ್ಜಿ ಬರೆಯಲು ಕೂತೆ. ಮೂರು ವರ್ಷ ಬರೆದೆ. ಅಳಿಯನ ಕೋಣೆಗೂ ದೆಹಲಿಯ ಫೈಲಿಗೂ ನಿಧಾನದಲ್ಲಿ ಪೈಪೋಟಿ. ಕೊನೆಗೆ ದೆಹಲಿಯೇ ಗೆದ್ದಿತು. ಖರೀದಿ ನಿಯಮಗಳಲ್ಲಿನ ಹಳೆಯ ನಿರ್ಬಂಧಗಳನ್ನು ತೆಗೆಯಲು ಒಂದು ಸಮಿತಿ ಆಗಿ, ಅದು ಹತ್ತೊಂಬತ್ತು ಸಲ ಸಭೆ ಸೇರಿ, ಗೋಡಂಬಿ ಬಿಸ್ಕತ್ತು ತಿಂದು, ‘ಗಂಡಸು’ ಎಂಬ ಒಂದು ಪದವನ್ನೂ ಪ್ಲೇಗಿನ ಒಂದು ಸಾಲನ್ನೂ ಹೊಡೆದುಹಾಕಿತು. ಅಧಿಕಾರಿಯ ಕುದುರೆಗೆ ನೀರು ಇಡತಕ್ಕದ್ದು ಎಂಬುದನ್ನು ಮಾತ್ರ ಮುಟ್ಟಲಿಲ್ಲ. ಈಗಲೂ ನಾವು ಮೇಜರ ಜೀಪಿನ ಮುಂದೆ ಒಂದು ಬಕೆಟ್ ನೀರು ಇಡುತ್ತೇವೆ.

ಸರ್ಕ್ಯುಲರ್ ಬಂದ ದಿನ ನಾನು ಅದನ್ನು ಅರಳಿಕಟ್ಟೆಯಲ್ಲಿ ಓದಿ ಹೇಳಿದೆ. ಜನ ನನ್ನನ್ನು ಹೆಗಲ ಮೇಲೆ ಹೊತ್ತುಕೊಳ್ಳದಿದ್ದರೂ ಒಂದು ಟೀ ಆದರೂ ಕುಡಿಸುತ್ತಾರೆ ಅಂದುಕೊಂಡಿದ್ದೆ. ಊರಿನ ಯಜಮಾನ ರಾಮಪ್ಪ ಮಾವ ಎಲೆಯಡಿಕೆ ಉಗಿದು ಬಾಯಿ ಒರೆಸಿಕೊಂಡ.

“ಎಂಗಸು ಮಗ್ಗದ ಗುಂಡಿಗೆ ಇಳಿಯೋದು ನಮ್ ಕುಲದಲ್ಲಿ ಇಲ್ವಲ್ಲಪ್ಪ.”

“ಆರು ವರ್ಷದಿಂದ ಇಳೀತಾನೇ ಅವ್ಳಲ್ಲ ಮಾವ?”

“ಆಗ ಸರ್ಕಾರನೇ ಬ್ಯಾಡ ಅಂತಿತ್ತು. ಅದರ ಮೇಲೆ ನಾವೂ ಬೇರೆ ಬ್ಯಾಡ ಅನ್ನೋದ್ಯಾಕೆ, ಚುಮ್ಮಾ ಸುಮ್ಸುಮ್ನೆ?”

ಎಲ್ಲರೂ ಹೌದೌದೆಂದರು. ಸರ್ಕಾರ ಕೈಬಿಟ್ಟ ಕೆಲಸವನ್ನು ಇನ್ನು ಊರೇ ನೋಡಿಕೊಳ್ಳಬೇಕಲ್ಲ, ಪಾಪ. ಈ ಸಲದ ತನಿಖೆಗೆ ರಾಜಗೋಪಾಲನೇ ಗುಂಡಿಯಲ್ಲಿ ಕೂರತಕ್ಕದ್ದು, ದೊಡ್ಡಕ್ಕ ಹೊರಗೆ ಕೂತು ನೂಲತಕ್ಕದ್ದು ಎಂದು ತೀರ್ಮಾನವಾಯಿತು. ನನಗೆ ಮೈಯೆಲ್ಲ ಉರಿಯಿತು, ಆದರೂ ಬಾಯಿ ಮುಚ್ಚಿಕೊಂಡೆ. ಸೆಕ್ರೆಟರಿ ಕೆಲಸಕ್ಕೆ ಬೇಕಾದ ಮುಖ್ಯ ಅರ್ಹತೆ ಅದೇ.

ಮೇಜರು ಬಂದರು. ವೇಲೂರು ಕಡೆಯ ತಮಿಳರು, ಮರ್ಯಾದಸ್ಥರು. ಹೊಸ ನಿಯಮ ಓದಿಕೊಂಡು ಬಂದಿದ್ದರು. ಬೂಟು ಬಿಚ್ಚಿ, ತಲೆ ಬಗ್ಗಿಸಿ, ಮೊದಲ ಸಲ ಮನೆಯೊಳಗೆ ಕಾಲಿಟ್ಟರು. ಗುಂಡಿಯಲ್ಲಿ ರಾಜಗೋಪಾಲ್ ಕೂತಿದ್ದ. ಈ ಸಲ ನೀರು ಸುರಿದುಕೊಂಡಿರಲಿಲ್ಲ. ಬೆವರು ತಾನಾಗಿಯೇ ಬರುತ್ತಿತ್ತು.

“ಒಂದು ಗೇಣು ನೆಯ್ದು ತೋರಿಸಿ,” ಎಂದು ಮೇಜರು ತಮಿಳಿನಲ್ಲಿ ಹೇಳಿದರು.

ರಾಜಗೋಪಾಲ್ ಯಾವುದೋ ಕಾಲುಮಣೆ ತುಳಿದ. ಮಗ್ಗ ಕಿರುಗುಟ್ಟಿ ನಿಂತಿತು. ಇನ್ನೊಂದು ತುಳಿದ. ಲಾಳಿಯನ್ನು ದೇವರ ಮೇಲೆ ಭಾರ ಹಾಕಿ ಎಸೆದ. ಅದು ನಾಲ್ಕಾರು ಎಳೆ ಹರಿದುಕೊಂಡು ಹೊರಕ್ಕೆ ಹಾರಿ ಮೇಜರ ಕಾಲಬುಡಕ್ಕೆ ಬಿತ್ತು.

“ಇವರುತಾನಾ ನೆಸವಾಳರ್?” ಎಂದು ಮೇಜರು ನನ್ನನ್ನು ಕೇಳಿದರು. ಇವರೇನಾ ನೇಕಾರರು ಎಂದರೆ ನಾನು ಬಗ್ಗಿ ಲಾಳಿ ಎತ್ತಿಕೊಂಡೆ. ಅವರು ಫೈಲು ಮುಚ್ಚಿದರು. ನೆಯ್ಯುವವರನ್ನು ಕಣ್ಣಾರೆ ನೋಡದೆ ಈ ವರ್ಷ ಆರ್ಡರಿಗೆ ಸಹಿ ಹಾಕುವುದಿಲ್ಲ, ಹತ್ತು ನಿಮಿಷ ಕಾಯುತ್ತೇನೆ ಎಂದರು.

ಹೊರಗೆ ಹದಿನಾಲ್ಕು ಮನೆಯವರ ಮುಖ ಇಳಿದುಹೋಯಿತು. ಜಗಲಿಯ ಮೇಲೆ ದೊಡ್ಡಕ್ಕ ನೂಲುವ ಕದಿರು ತಿರುಗಿಸುತ್ತಿದ್ದಳು. ರಾಮಪ್ಪ ಮಾವ ಅವಳ ಪಕ್ಕ ಹೋಗಿ ದನಿ ತಗ್ಗಿಸಿದ.

“ದೊಡ್ಡಕ್ಕ, ಸಾಯೇಬ್ರು ಓಗೋ ಗಂಟ ಒಸಿ ಇಳಿಯಮ್ಮ.”

“ಕುಲದಲ್ಲಿ ಇಲ್ವಲ್ಲ ಮಾವ.”

“ಒಂದ್ ದಿನಕ್ಕೆ ಪರವಾಯಿಲ್ಲ.”

“ಒಂದ್ ದಿನಕ್ಕೆ ನಾನ್ ಇಳಿಯಲ್ಲ. ಸೊಸೈಟಿ ಬುಕ್ಕಲ್ಲಿ ನೇಕಾರ್ತಿ ಅಂತ ನನ್ ಎಸ್ರು ಬರೀಲಿ. ಸಾಯೇಬ್ರ ಫಾರಮಲ್ಲೂ ಬರೀಲಿ. ಆಮೇಲೆ ಇಳೀತೀನಿ.”

ಕದಿರು ತಿರುಗುತ್ತಲೇ ಇತ್ತು. ರಾಮಪ್ಪ ಮಾವ ಗುಂಡಿಯಲ್ಲಿದ್ದ ರಾಜಗೋಪಾಲನನ್ನು ನೋಡಿದ, ಮೇಜರ ಕೈಗಡಿಯಾರವನ್ನು ನೋಡಿದ.

“ಬರಿಯೋ,” ಎಂದು ನನಗೆ ಹೇಳಿದ.

ಅಷ್ಟೇ. ಸಮಿತಿ ಇಲ್ಲ, ಬಿಸ್ಕತ್ತೂ ಇಲ್ಲ. ಸರ್ಕಾರಕ್ಕೆ ಎಂಬತ್ತೆಂಟು ವರ್ಷ ಹಿಡಿದ ಕೆಲಸ ನಮ್ಮ ಕುಲಕ್ಕೆ ಅರ್ಧ ಲೋಟ ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಆಯಿತು. ನಾನು ಖುಷಿಯಿಂದ ರಿಜಿಸ್ಟರ್ ಬಿಚ್ಚಿದೆ. ರಾಜಗೋಪಾಲನ ಹೆಸರಿನ ಮೇಲೆ ಗೀಟು ಎಳೆದೆ, ಎರಡು ಸಲ. ಅದರ ಕೆಳಗೆ ಬರೆಯಲು ಹೋದಾಗ ಪೆನ್ನು ನಿಂತಿತು.

ನನಗೆ ಅವಳ ಹೆಸರು ಗೊತ್ತಿರಲಿಲ್ಲ.

ಹುಟ್ಟಿದಾಗಿನಿಂದ ದೊಡ್ಡಕ್ಕ ಎಂದೇ ಕರೆದಿದ್ದೆ. ಊರೂ ಹಾಗೇ ಕರೆಯುತ್ತದೆ. ಹಳೆಯ ಸಂಬಳದ ಪಟ್ಟಿಯಲ್ಲಿ ಅವಳು ಪುಟ್ಟಪ್ಪನ ಹೆಂಡತಿ. ಮೂರು ವರ್ಷ ಬರೆದ ನನ್ನ ಅರ್ಜಿಗಳಲ್ಲಿ ಅವಳು ‘ಒಬ್ಬ ಬಡ ವಿಧವೆ’. ರಾಮಪ್ಪ ಮಾವನನ್ನು ನೋಡಿದೆ. ಅವನು ರಾಜಗೋಪಾಲನನ್ನು ನೋಡಿದ. “ನಾನು ಅತ್ತಿಗೆ ಅಂತೀನಿ,” ಎಂದ ರಾಜಗೋಪಾಲ್ ಗುಂಡಿಯೊಳಗಿಂದ. ದೇಶದ ನಿಯಮ ತಿದ್ದಿಸಿದ ನನಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

“ದೊಡ್ಡಕ್ಕ, ನಿನ್ ಎಸ್ರೇನು?”

ಕದಿರು ನಿಂತಿತು. ಅವಳು ನನ್ನನ್ನು ಬೈಯಬಹುದಿತ್ತು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

“ಚಿನ್ನತಾಯಿ,” ಎಂದಳು. ನಾನು ಬರೆದ ಮೇಲೆ, “ಬರ್ದಿದ್ದನ್ನ ಓದು,” ಎಂದಳು.

ಓದಿದೆ. ಬೀದಿಯವರೆಗೂ ಕೇಳುವಂತೆ ಓದಿದೆ. ಮೇಜರು ಅದನ್ನೇ ತಮ್ಮ ಫಾರಮಿನಲ್ಲಿ ಬರೆದುಕೊಂಡರು. ಅವಳು ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡು ಎರಡು ಕಡೆಯೂ ಒತ್ತಿ, ಸೆರಗು ಬಿಗಿದುಕೊಂಡು ಒಳಗೆ ಹೋಗಿ ಗುಂಡಿಯ ಪಕ್ಕ ನಿಂತಳು.

“ಏಳಪ್ಪ ಮೇಲೆ,” ಎಂದಳು ಮೈದುನನಿಗೆ. “ಸೊಂಟ ನೋವು ಬರ್ತೈತೆ.”