ಕುದಿಸಿದ ನೀರು

ಆ ಬಡಾವಣೆಯಲ್ಲಿ ಅವನನ್ನು ನಿಜವಾದ ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವನು ಮೈಕಣ್ಣ. ಮೂರು ಗಾಲಿಯ ಗಾಡಿಯ ನೆತ್ತಿಗೆ ಲೌಡ್‌ಸ್ಪೀಕರ್ ಕಟ್ಟಿಕೊಂಡು ಚಪ್ಪಲಿ ಅಂಗಡಿಯ ರಿಯಾಯಿತಿ, ಕರೆಂಟ್ ಹೋಗುವ ಹೊತ್ತು, ತಪ್ಪಿಸಿಕೊಂಡ ನಾಯಿಮರಿ, ಯಾರದೋ ಸಾವು, ಏನಿದ್ದರೂ ಬೀದಿಬೀದಿಗೆ ಸಾರುವುದು ಅವನ ಕಸುಬು. ಗಂಟಲು ಅಂಥದ್ದು. ಅವನು ಸಾವಿನ ಸುದ್ದಿ ಹೇಳಿದರೆ ಸತ್ತವರ ಮುಖ ನೋಡದವರ ಕಣ್ಣೂ ಒದ್ದೆಯಾಗುತ್ತಿತ್ತು. ಚಪ್ಪಲಿ ಎಂದರೆ ಕಾಲಲ್ಲಿ ಹೊಸ ಜೋಡು ಇದ್ದವರೂ ಅಂಗಡಿಯ ಕಡೆ ಹೊರಡುತ್ತಿದ್ದರು.

ಬಡಾವಣೆಯ ಬೆನ್ನಿಗೇ ಗೊಬ್ಬರದ ಕಾರ್ಖಾನೆ. ಅದರ ಹೊಲಸು ನೀರು ನಿಲ್ಲುವ ಹೊಂಡಕ್ಕೂ ಜನ ನೀರು ಸೇದುವ ಬಾವಿಗೂ ನಡುವೆ ಒಂದು ಗೋಡೆ ಬಿಟ್ಟರೆ ಬೇರೇನಿಲ್ಲ. ಆರೋಗ್ಯ ಕೇಂದ್ರದ ನರ್ಸಮ್ಮ ಬಾವಿ ನೀರನ್ನು ಪರೀಕ್ಷೆಗೆ ಕಳಿಸಿ, "ಫಲಿತಾಂಶ ಬರೋವರೆಗೂ ಎಳೆ ಮಕ್ಕಳಿಗೆ ಈ ನೀರು ಕೊಡಬೇಡಿ" ಎಂದು ಮನೆಮನೆಗೆ ಹೇಳುತ್ತಿದ್ದಳು. ಜನ ತಳಮಳಗೊಂಡರು. ಆಗ ಕಾರ್ಖಾನೆಯ ಮ್ಯಾನೇಜರು ಮೈಕಣ್ಣನಿಗೆ ಹೇಳಿಕಳಿಸಿದ.

"ಸುಮ್ಮನೆ ಗಾಬರಿ ಬಿದ್ದಿದ್ದಾರೆ ಜನ. ನಿನ್ನ ಬಾಯಲ್ಲಿ ಒಂದು ಮಾತು ಬಂದ್ರೆ ಸರಿಹೋಗುತ್ತೆ."

"ನಿಜವಾಗ್ಲೂ ಏನೂ ಇಲ್ವಾ ಸಾರ್?"

"ಕುದಿಸಿ ಕುಡಿದ್ರೆ ಯಾವ ನೀರಾದ್ರೇನಯ್ಯಾ? ಅಷ್ಟೂ ಗೊತ್ತಿಲ್ವಾ ನಿಂಗೆ?"

ಹೌದಲ್ಲ ಅನ್ನಿಸಿತು ಮೈಕಣ್ಣನಿಗೆ. ಅಮ್ಮ ಹೇಳಿಕೊಟ್ಟಿದ್ದೂ ಅದೇ, ಶಾಲೆಯಲ್ಲಿ ಓದಿದ್ದೂ ಅದೇ. ಆ ದಿನವೇ ಗಾಡಿ ಹೊರಡಿಸಿದ. "ಅಕ್ಕಂದಿರೇ, ಅಮ್ಮಂದಿರೇ! ಗಾಳಿಮಾತಿಗೆ ಕಿವಿಗೊಡಬೇಡಿ. ನಿಮ್ಮ ಬಾವಿ, ನಿಮ್ಮ ನೀರು! ಕುದಿಸಿರಿ, ಆರಿಸಿರಿ, ಧೈರ್ಯವಾಗಿ ಕುಡಿಯಿರಿ!"

ಬೀದಿಯ ಕೊನೆಯ ಮನೆಯಲ್ಲಿ ಅವನ ತಂಗಿ ಇದ್ದಳು. ಗಂಡ ಲಾರಿ ಡ್ರೈವರು, ಮನೆಯಲ್ಲಿ ನಿಂತವನಲ್ಲ. ಬಾಣಂತಿತನದಲ್ಲಿ ಜ್ವರ ಬಂದು ಎದೆಹಾಲು ಬತ್ತಿದ ಮೇಲೆ ಮಗುವಿಗೆ ಡಬ್ಬಿಯ ಪುಡಿ ಹಾಲೇ ಗತಿಯಾಗಿತ್ತು. ನರ್ಸಮ್ಮನ ಮಾತು ಕೇಳಿ, ಹಸಿಮೈಯಲ್ಲೇ ಮಾರುಕಟ್ಟೆಯ ನಲ್ಲಿಯಿಂದ ಕೊಡ ಹೊತ್ತು ತರುತ್ತಿದ್ದಳು. ಅಣ್ಣನ ದನಿ ಕೇಳಿದಾಗ ಅವಳ ಸೊಂಟಕ್ಕೆ ಜೀವ ಬಂದಂತಾಯಿತು. ಮಾರನೆಯ ದಿನದಿಂದ ಬಾವಿಯ ನೀರನ್ನೇ ಒಲೆಗೇರಿಸಿದಳು. ಹೆಚ್ಚು ಕುದಿದಷ್ಟೂ ಒಳ್ಳೆಯದೆಂದು ಪಾತ್ರೆ ಅರ್ಧಕ್ಕಿಳಿಯುವವರೆಗೂ ಕುದಿಸುತ್ತಿದ್ದಳು.

ಕೆಲವು ದಿನ ಕಳೆದು ಒಂದು ಮಧ್ಯಾಹ್ನ ಮೈಕಣ್ಣ ಊಟಕ್ಕೆ ಕೂತಿದ್ದಾಗ ತಂಗಿ ಬರಿಗಾಲಲ್ಲಿ ಓಡಿಬಂದಳು. ಮಗು ತೋಳಿನ ಮೇಲೆ ಸೋತು ಬಿದ್ದಿತ್ತು. ತುಟಿ, ಉಗುರು ನೇರಳೆ ಬಣ್ಣಕ್ಕೆ ತಿರುಗಿದ್ದವು.

"ಅಣ್ಣಾ, ನೋಡೋ ಇದನ್ನ! ಅಳ್ತಾನೂ ಇಲ್ಲ ಕಣೋ!"

ಕೈ ತೊಳೆಯದೆ ಎದ್ದು ಇಬ್ಬರನ್ನೂ ಗಾಡಿಗೆ ಹತ್ತಿಸಿಕೊಂಡ. ಸಂತೆಯಂತೆ ಕಿಕ್ಕಿರಿದಿದ್ದ ರಸ್ತೆಯಲ್ಲಿ ಮೈಕು ಹಿಡಿದು, "ದಾರಿ ಬಿಡ್ರಪ್ಪಾ, ಕೂಸಿದೆ, ದಾರಿ ಬಿಡಿ!" ಎಂದು ಕೂಗಿದ. ಇದೂ ಯಾವುದೋ ಅಂಗಡಿಯ ಜಾಹೀರಾತೆಂದು ಯಾರೋ ನಕ್ಕರು. ಆಮೇಲೆ ಅವನ ಮುಖ ನೋಡಿ ದಾರಿ ಬಿಟ್ಟರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಗುವಿಗೆ ಆಮ್ಲಜನಕದ ಮುಖವಾಡ ಹಾಕಿ, ಸೂಜಿ ಚುಚ್ಚಿ, ಮೊದಲು ಕೇಳಿದ್ದೇ "ಹಾಲು ಯಾವ ನೀರಲ್ಲಿ ಕಲಸ್ತೀಯಮ್ಮಾ?" ಎಂದು.

"ಬಾವಿ ನೀರು. ಆದ್ರೆ ಚೆನ್ನಾಗಿ ಕುದಿಸ್ತಿದ್ದೆ ಡಾಕ್ಟ್ರೇ. ನಮ್ಮಣ್ಣ ಮೈಕಲ್ಲಿ ಹೇಳಿದ್ದ ಹಾಗೇ ಮಾಡಿದ್ದೀನಿ."

ಅದರಲ್ಲಿ ದೂರಿನ ಎಳೆಯೂ ಇರಲಿಲ್ಲ. ತಾನು ಸರಿಯಾಗಿಯೇ ಮಾಡಿದ್ದೇನೆಂದು ಅಣ್ಣನನ್ನು ಸಾಕ್ಷಿಗೆ ಕರೆದಿದ್ದಳು ಅಷ್ಟೆ.

"ಕುದಿಸಿದ್ರೆ ಕ್ರಿಮಿ ಸಾಯುತ್ತೆ," ಎಂದಳು ಡಾಕ್ಟರಮ್ಮ, ಮೆಲ್ಲಗೆ. "ಕೂಸಿನ ಬಣ್ಣ ನೋಡಿದ್ರೆ ಆ ನೀರಲ್ಲಿರೋದು ಗೊಬ್ಬರದ ಉಪ್ಪು, ನೈಟ್ರೇಟ್ ಅಂತ. ಅದು ಕುದಿಸಿದ್ರೆ ಹೋಗಲ್ಲ. ನೀರು ಆವಿಯಾದಷ್ಟೂ ಉಳಿದದ್ದು ಗಟ್ಟಿಯಾಗುತ್ತೆ. ದೊಡ್ಡವರು ತಡ್ಕೊಂಡಾರು. ಇಷ್ಟು ಎಳೇ ಕೂಸಿನ ರಕ್ತಕ್ಕೆ ಅದು ಸೇರಿದ್ರೆ ಉಸಿರು ಮೈಗೆ ಹತ್ತಲ್ಲ."

ಸಂಜೆಯಷ್ಟರಲ್ಲಿ ಮಗುವಿನ ತುಟಿ ಕೆಂಪಾಯಿತು. ಆಮೇಲೆ ಹಸಿವೆಂದು ಆಸ್ಪತ್ರೆಯ ಸೂರು ಹಾರಿಹೋಗುವಂತೆ ಚೀರಿತು. ತಂಗಿ ನಕ್ಕಳು, ಅತ್ತಳು. ಮೈಕಣ್ಣ ಹೊರಗೆ ಹೋಗಿ ಗಾಡಿಯಲ್ಲಿ ಕೂತು ಮುಖ ಮುಚ್ಚಿಕೊಂಡ.

ಮರುದಿನ ಬೆಳಿಗ್ಗೆ ಬಾವಿಯ ಬಳಿ ಗಾಡಿ ನಿಲ್ಲಿಸಿದ. "ಅಕ್ಕಂದಿರೇ, ಈ ನೀರು ಮಕ್ಕಳಿಗೆ ಕೊಡಬೇಡಿ, ಕುದಿಸಿದ್ರೂ..." ಎನ್ನುವಷ್ಟರಲ್ಲೇ ಹಗ್ಗ ಹಿಡಿದು ನಿಂತಿದ್ದ ಬಡಗಿ ಕೇಳಿದ:

"ಅವತ್ತು ಕುಡೀರಿ ಅಂದೆ, ಇವತ್ತು ಬೇಡ ಅಂತೀಯ. ಇವತ್ತಿಂದು ಯಾರು ಹೇಳಿಸಿದ್ದಪ್ಪಾ?"

ಸುತ್ತಲಿದ್ದವರು ನಕ್ಕರು. ಮೈಕಣ್ಣ ಮೈಕು ಆರಿಸಿ ಗಾಡಿಯಿಂದ ಕೆಳಗಿಳಿದ.

"ಯಾರೂ ಹೇಳಿಸಿಲ್ಲ. ಅವತ್ತು ಗೊತ್ತಿಲ್ದೇ ಹೇಳ್ದೆ. ನನ್ನ ತಂಗಿ ಕೂಸು ಸಾಯೋ ಹಂಗಾಗಿತ್ತು."

ಬಡಗಿಯ ಕೈಯಲ್ಲಿ ಹಗ್ಗ ಸಡಿಲವಾಯಿತು. ಅವನ ಹೆಂಡತಿಗೆ ಅದೇ ತಿಂಗಳು ಹೆರಿಗೆ.

ಮಗು ಮನೆಗೆ ಬಂದ ಮೇಲೆ ಅಣ್ಣ, ತಂಗಿ, ನರ್ಸಮ್ಮ ಮೂವರೂ ಮನೆಮನೆಯ ಮೆಟ್ಟಿಲು ಹತ್ತಿಳಿದರು. ಮಾತಾಡಿದ್ದು ಹೆಚ್ಚಾಗಿ ತಂಗಿಯೇ. "ನಾನೂ ಕುದಿಸಿದ್ದೆ ಕಣ್ರೀ, ಅರ್ಧ ಪಾತ್ರೆ ಆಗೋ ತನಕ" ಎಂದು ಮಗುವನ್ನು ಹೆಗಲಿಗೆ ಹಾಕಿಕೊಂಡು ಹೇಳಿದಾಗ, ಒಲೆಯ ಮೇಲೆ ಅದೇ ನೀರಿಟ್ಟಿದ್ದ ಹೆಂಗಸರು ತಿರುಗಿ ಪಾತ್ರೆಯನ್ನು ನೋಡುತ್ತಿದ್ದರು. ಹಲ್ಲಿಲ್ಲದ ಒಬ್ಬ ಅಜ್ಜಿ ಮಾತ್ರ, "ನಾನು ಹುಟ್ಟಿದಾಗಿಂದ ಇದೇ ನೀರು ಕುಡಿದಿದ್ದೀನಿ, ನಂಗೇನಾಗಿದೆ?" ಎಂದು ಜಗಳಕ್ಕೆ ನಿಂತಳು.

"ನಿಂಗೇನೂ ಆಗಲ್ಲಜ್ಜೀ, ನಿನ್ನ ಕಂಡ್ರೆ ಯಮನೇ ಹೆದರ್ತಾನೆ," ಎಂದ ಮೈಕಣ್ಣ. "ನೀನು ಹುಟ್ಟಿದಾಗ ಕಾರ್ಖಾನೆ ಇತ್ತಾ? ಮೊಮ್ಮಗಳ ಕೂಸಿಗೆ ಮಾತ್ರ ಕೊಡಬೇಡ, ನಿನ್ನ ಕಾಲಿಗೆ ಬೀಳ್ತೀನಿ." ಅಜ್ಜಿ ಗೊಣಗುತ್ತಲೇ ಹಾಲಿನ ಬಾಟಲಿಯನ್ನು ಚರಂಡಿಗೆ ಬಗ್ಗಿಸಿದಳು.

ಫಲಿತಾಂಶ ಬಂತು. ನರ್ಸಮ್ಮನ ಅನುಮಾನವೇ ನಿಜವಾಯಿತು. ಆರೋಗ್ಯ ಇಲಾಖೆ ಬಾವಿಗೆ ಬೇಲಿ ಹಾಕಿತು. ಬೀದಿಯವರೆಲ್ಲ ಒಟ್ಟಾಗಿ ನಗರಸಭೆ ಕಚೇರಿಯ ಮೆಟ್ಟಿಲ ಮೇಲೆ ಕೂತ ಮೇಲೆ ಟ್ಯಾಂಕರು, ಅದರ ಹಿಂದೆ ನಲ್ಲಿಯೂ ಬಂತು. ಹೊಲಸು ನೀರು ನೆಲಕ್ಕೆ ಇಂಗದ ಹಾಗೆ ಹೊಂಡದ ತಳಕ್ಕೆ ಹಾಸು ಹಾಕಿಸುವ ಜಗಳ ಇನ್ನೂ ನಡೆಯುತ್ತಲೇ ಇದೆ. ಕಾರ್ಖಾನೆ ಮೈಕಣ್ಣನನ್ನು ಮತ್ತೆ ಕರೆಯಲಿಲ್ಲ, ಅದರ ನೆರಳಲ್ಲಿದ್ದ ಅಂಗಡಿಗಳೂ ಕೈಬಿಟ್ಟವು. ಸಂಸಾರ ಬಿಗಿಯಾಯಿತು, ಹೆಂಡತಿ ಒಂದೆರಡು ಸಲ ಸಿಡುಕಿದಳು, ಆಮೇಲೆ ಸುಮ್ಮನಾದಳು.

ಒಂದು ದಿನ ತಂಗಿಯ ಮನೆಯಲ್ಲಿ ಮಗುವನ್ನು ಕಾಲ ಮೇಲೆ ಆಡಿಸುತ್ತಾ ಅವನು ಕೇಳಿಯೇಬಿಟ್ಟ: "ನಿಂಗೆ ನನ್ನ ಮೇಲೆ ಸಿಟ್ಟಿಲ್ವೇನೇ?"

ಅವಳು ಬಟ್ಟೆ ಮಡಿಸುವುದನ್ನು ನಿಲ್ಲಿಸಿದಳು.

"ಇತ್ತು. ಆಸ್ಪತ್ರೆಯಿಂದ ಬಂದ ರಾತ್ರಿ ತುಂಬಾನೇ ಇತ್ತು," ಎಂದಳು. "ಇವನ ಕತ್ತು ಹಿಡ್ಕೋ, ಜೋಲ್ತಿದೆ ನೋಡು."

ಅವನು ಅಂಗೈಯನ್ನು ಮಗುವಿನ ಕತ್ತಿನಡಿಗೆ ಸರಿಸಿದ.