ಮುದ್ದಯ್ಯನ ರೀಲು

ಕುಣಿಗಲ್ ದೊಡ್ಡಕೆರೆಯ ತೂಬಿನ ಹತ್ತಿರ ತೊಡೆ ಗಾತ್ರದ ಕೊರಮೀನು ಕಂಡೆ ಅಂತ ಮುದ್ದಯ್ಯ ಹೇಳಿದ್ದೇ ತಪ್ಪಾಯಿತು. ಯಲ್ಲಯ್ಯನ ಟೀ ಅಂಗಡಿಯಲ್ಲಿ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. “ರೀಲು ಬುಡಬ್ಯಾಡ ಕಣೋ” ಎಂದ ಯಲ್ಲಯ್ಯ. ಅವತ್ತಿನಿಂದ ಅವನ ಹೆಸರೇ ರೀಲು ಮುದ್ದಯ್ಯ ಅಂತಾಗಿಹೋಯಿತು. ಸುಳ್ಳು ಹೇಳಿ ನಗೆಪಾಟಲಾದರೆ ಅದೊಂದು ನ್ಯಾಯ. ಈ ಪುಣ್ಯಾತ್ಮ ನಿಜ ಹೇಳಿ ನಗೆಪಾಟಲಾದ. ಊರವರ ಮಾತು ಹಾಳಾಗಲಿ, ಹೆಂಡತಿ ಶಶಿಕಲಾ ಕೂಡ ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆ, “ನಿಮ್ಮ ರೀಲಿಗಿಂತ ನನ್ನ ರೀಲೇ ವಾಸಿ, ದಾರನಾದ್ರೂ ಇರ್ತದೆ” ಅಂದುಬಿಟ್ಟಳು. ಆ ರಾತ್ರಿ ಅವನು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಆ ಮೀನನ್ನು ಇವಳ ಕಣ್ಣಿಗೆ ಒಂದು ಸಲ ತೋರಿಸದೆ ಬಿಡುವುದಿಲ್ಲ ಎಂದು ಹಟ ತೊಟ್ಟ.

ಹಟವೇನೋ ಸರಿ, ಕೈ ಬೇಕಲ್ಲ? ಹಿರೇಹಳ್ಳಿಯ ಫ್ಯಾಕ್ಟರಿಗೆ ಹೋಗುವಾಗ ಬೈಕಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದ. ಒಳಗೆ ಪ್ಲೇಟು ಹಾಕಿದ್ದರು. ಮೊದಲಿನಂತೆ ಗಾಳದ ದಾರವನ್ನು ಬರಿಗೈಲಿ ಎಳೆಯುವ ಶಕ್ತಿ ಅದಕ್ಕಿರಲಿಲ್ಲ. ಹಾಗಾಗಿ ಕೋಲಿಗೆ ಸಿಕ್ಕಿಸುವ ರೀಲೇ ಆಗಬೇಕು ಎಂದುಕೊಂಡ. ಶಶಿಕಲಾ ಹೊಲಿಗೆ ಸಾಮಾನಿಗೆಂದು ತುಮಕೂರಿಗೆ ಹೊರಟ ಭಾನುವಾರ ತಾನೂ ಬಸ್ಸು ಹತ್ತಿದ.

ಗಾಳದ ಅಂಗಡಿಯ ರಂಗನಾಥ್ ಮೂರು ರೀಲು ತೆಗೆದು ಗಾಜಿನ ಮೇಲಿಟ್ಟ. ಮುದ್ದಯ್ಯನ ಕಣ್ಣು ಬಂಗಾರದ ಬಣ್ಣದ್ದರ ಮೇಲೆ ಬಿತ್ತು. ಅಗ್ಗದ್ದು ಬೇರೆ, ಡಬ್ಬಿಯ ಮೇಲೆ ಹನ್ನೆರಡು ಬೇರಿಂಗ್ ಅಂತ ದಪ್ಪಕ್ಷರದಲ್ಲಿತ್ತು. ಶಶಿಕಲಾ ಅದನ್ನು ಎತ್ತಿಕೊಂಡು ತಿರುಗಿಸಿದರೆ ಹಿಡಿ ಲೊಟಲೊಟ ಅಂತು. ಒಂದಿಷ್ಟು ದಾರ ಸುತ್ತಿ ನೋಡಿದಳು.

“ದಾರ ಒಂದೇ ಕಡೆ ಗುಡ್ಡೆ ಬೀಳ್ತಾ ಅದೆ ನೋಡಿ. ಬಾಬಿನ್ ಹಿಂಗೆ ಸುತ್ತಿದ್ರೆ ಮಿಷನ್ನು ಎರಡು ಹೊಲಿಗೆಗೆ ನಿಂತೋಯ್ತದೆ” ಎಂದಳು.

ಎರಡನೆಯದು ಚೆನ್ನಾಗಿತ್ತು, ಬೆಲೆ ಕೇಳಿ ಇಬ್ಬರೂ ಕೆಳಗಿಟ್ಟರು. ಮೂರನೆಯದು ಮಸಿ ಬಣ್ಣದ ಚಿಕ್ಕ ರೀಲು. ಬೆಲೆಯೂ ಕೈಗೆಟಕುವಂತಿತ್ತು. ಬೇರಿಂಗ್ ನಾಲ್ಕೇ, ಆದರೆ ತಿರುಗಿಸಿದರೆ ಸದ್ದಿಲ್ಲ, ದಾರ ಒತ್ತೊತ್ತಾಗಿ ಸಮನಾಗಿ ಕೂತಿತು.

“ಹಿಡೀನ ಬಲಗಡೆಗೆ ಹಾಕ್ಕೊಡ್ತೀನಿ. ಭಾರ ಎಲ್ಲಾ ಎಡಗೈಗೆ, ಬಲಗೈಗೆ ಬರೀ ಸುತ್ತೋ ಕೆಲ್ಸ” ಎಂದ ರಂಗನಾಥ್. “ಮೇಲಿರೋ ಈ ತಿರುಪು ಮಾತ್ರ ಸ್ವಲ್ಪ ಸಡಿಲ ಇರ್ಲಿ ಸಾರ್. ದೊಡ್ಡ ಮೀನು ಎಳೆದ್ರೆ ಅದು ದಾರ ಬಿಡ್ತದೆ.”

ಸಿಕ್ಕ ಮೀನಿಗೆ ದಾರ ಬಿಡುವವನು ಎಂಥ ಪೆದ್ದ? ಮನೆಗೆ ಬಂದವನೇ ಮುದ್ದಯ್ಯ ಆ ತಿರುಪನ್ನು ಹಲ್ಲು ಕಚ್ಚಿ ಬಿಗಿ ಮಾಡಿದ. ಕೇಳುವ ಕಿವಿ ಇದ್ದಿದ್ದರೆ ಅವನು ಮುದ್ದಯ್ಯ ಯಾಕಾಗುತ್ತಿದ್ದ!

ಬೆಳಿಗ್ಗೆ ಗಂಡಹೆಂಡಿರಿಬ್ಬರೂ ತೂಬಿನ ಹತ್ತಿರ ನಿಂತಿದ್ದರು. ಬಲವಂತಕ್ಕೆ ಬಂದಿದ್ದ ಶಶಿಕಲಾ ಆಕಳಿಸುತ್ತಿದ್ದಳು. ಮುದ್ದಯ್ಯ ಗಾಳ ಸಿಕ್ಕಿಸಿದ ರಬ್ಬರ್ ಕಪ್ಪೆಯನ್ನು ಜೊಂಡಿನ ಅಂಚಿಗೆ ಎಸೆದು ಕುಪ್ಪಳಿಸುತ್ತಾ ತಂದ. ಮತ್ತೆ ಎಸೆದ. ಹೀಗೇ ಹೊತ್ತು ಹೋಯಿತು.

ಆಮೇಲೆ ಆ ಜಾಗದ ನೀರು ಉಬ್ಬಿತು. ಧಡ್ ಎಂದು ಒಡೆಯಿತು. ಕಪ್ಪೆ ಮಾಯವಾಯಿತು, ಕೋಲು ಬಾಗಿ ತುದಿ ನೀರು ಮುಟ್ಟಿತು. ಎದುರಿಗಿದ್ದದ್ದು ಮೀನಿನ ಎಳೆತವಾಗಿರಲಿಲ್ಲ, ಎತ್ತಿನ ಎಳೆತವಾಗಿತ್ತು. ಮುದ್ದಯ್ಯನ ಕಾಲು ಕೆಸರಲ್ಲಿ ಜಾರಿತು. ದಾರ ಕುಂಯ್ ಎಂದು ಅಳತೊಡಗಿತು. ಇನ್ನೇನು ಹರಿಯಬೇಕು, ಮಿಷನ್ನಿನಲ್ಲಿ ದಾರ ಕಿತ್ತುಬರುವ ಮುಂಚೆ ಕೇಳುವ ಆ ಸದ್ದು ಶಶಿಕಲಾಗೆ ಗುರುತು ಸಿಕ್ಕಿತು.

“ದಾರ ಬಿಗಿಯಾಗ್ಯದೆ, ಪಟ್ ಅಂದ್ಬುಡ್ತದೆ! ರೀಲು ಬುಡಿ, ರೀಲು ಬುಡಿ!” ಎಂದು ಕೆರೆ ಏರಿಯೆಲ್ಲ ಕೇಳುವಂತೆ ಕೂಗಿದಳು.

ಜನ್ಮದಲ್ಲಿ ಈ ಮಾತನ್ನು ಇವಳ ಬಾಯಲ್ಲಿ ಕೇಳುತ್ತೇನೆಂದು ಅವನು ನೆನೆಸಿರಲಿಲ್ಲ. ತಿರುಪು ಸಡಿಲಿಸಿದ. ರೀಲು ಕಿರ್ರೆಂದು ದಾರ ಬಿಟ್ಟಿತು. ಮೀನು ಓಡಿತು, ದಣಿಯಿತು, ತಿರುಗಿತು. ಬಿಡುತ್ತಾ ಸುತ್ತುತ್ತಾ ಕೊನೆಗೆ ಮೊಣಕಾಲುದ್ದದ ನೀರಿಗೆ ತಂದ.

ಇಬ್ಬರೂ ಬಗ್ಗಿ ನೋಡಿದರು. ಹಾವಿನ ತಲೆ, ಕಪ್ಪು ಬೆನ್ನು, ಅದರ ಮೇಲೆ ಹೆಬ್ಬಾವಿಗಿರುವಂಥ ಪಟ್ಟೆ. ಹೊಟ್ಟೆ ಬೆಳ್ಳಗೆ ಹೊಳೆಯುತ್ತಿತ್ತು. ಬಾಯಿ ತೆರೆದು ಗಾಳಿ ಎಳೆದುಕೊಂಡು ಇವರನ್ನೇ ನೋಡಿತು. ನಾವು ಟೀ ಕುಡಿದು ಹರಟುವ ಊರಿನ ಪಕ್ಕದಲ್ಲೇ ಇಂಥದ್ದೊಂದು ಬದುಕಿಕೊಂಡಿದೆಯಲ್ಲ ಎಂದು ಮುದ್ದಯ್ಯನ ಮೈ ಜುಮ್ಮೆಂದಿತು. ಶಶಿಕಲಾ ತನಗೇ ತಿಳಿಯದೆ ಕೈ ಮುಗಿದಿದ್ದಳು.

“ತಡೀರಿ, ಫೋನು ಗಾಡಿ ಡಿಕ್ಕೀಲಿ ಅದೆ, ತಂದ್ಬುಡ್ತೀನಿ. ಆ ಯಲ್ಲಯ್ಯಣ್ಣನ ಮೊಖಕ್ಕೆ ಹಿಡೀಬೇಕು” ಎಂದು ಏರಿಯ ಕಡೆ ತಿರುಗಿದಳು.

ಅಷ್ಟರಲ್ಲಿ ಮುದ್ದಯ್ಯ ಜೊಂಡಿನತ್ತ ನೋಡಿದ. ಮೀನು ಎದ್ದ ಜಾಗದಲ್ಲಿ ನೀರಿನ ಮೇಲೆ ರಾಗಿ ಚೆಲ್ಲಿದಂತೆ ಕೆಂಪಗೆ ಏನೋ ಮಿಸುಕುತ್ತಿತ್ತು. ಮರಿಗಳು, ಸಾವಿರಾರು. ಕಾಯುವವರಿಲ್ಲವೆಂದು ತಿಳಿದ ಜಿಲೇಬಿ ಮೀನುಗಳು ಸುತ್ತಲಿಂದ ನುಗ್ಗಿ ಬಾಯಿ ಹಾಕುತ್ತಿದ್ದವು. ಒಂದೊಂದು ಗುಟುಕಿಗೂ ಆ ಕೆಂಪು ಚೂರು ಚೂರೇ ಕಡಿಮೆಯಾಗುತ್ತಿತ್ತು.

“ಫೋನು ಬ್ಯಾಡ ಕಣೇ, ಹೊತ್ತಿಲ್ಲ. ಅಲ್ನೋಡು, ಮಕ್ಕಳು” ಎಂದ.

ಅವಳು ನಿಂತು ನೋಡಿದಳು. ಸೀರೆ ಎತ್ತಿ ಕಟ್ಟಿ ನೀರಿಗಿಳಿದು ಎರಡೂ ಕೈಯಿಂದ ಮೀನನ್ನು ತಬ್ಬಿ ಹಿಡಿದಳು. ಅವನು ಗಾಳ ಬಿಡಿಸಿದ. ಕೈ ಸಡಿಲಿಸಿದ್ದೇ ತಡ, ಮೀನು ಜೊಂಡಿನತ್ತ ಹಾರಿತು. ಜಿಲೇಬಿಗಳು ದಿಕ್ಕಾಪಾಲಾದವು. ಕೆಂಪು ಗುಂಪು ಒತ್ತಾಗಿ ಸೇರಿಕೊಂಡು, ಕೆಳಗೆ ಆ ಕಪ್ಪು ನೆರಳನ್ನಿಟ್ಟುಕೊಂಡು ಮೆಲ್ಲಗೆ ದೂರ ಸಾಗಿತು. ಅದು ಕಾಣದಾಗುವವರೆಗೂ ಇಬ್ಬರೂ ನೀರಲ್ಲೇ ನಿಂತಿದ್ದರು.

ವಾಪಸ್ಸು ಹೋಗುವಾಗ ಟೀಗೆ ನಿಂತರು. ಒದ್ದೆ ಬಟ್ಟೆ, ಬರಿಗೈ ನೋಡಿ ಯಲ್ಲಯ್ಯನ ಮೀಸೆ ಆಗಲೇ ಕುಣಿಯುತ್ತಿತ್ತು. “ಏನ್ಲಾ, ಮೀನು ಸಿಕ್ತು, ಬುಟ್ಬುಟ್ಟೆ ಅಂತೀಯಾ? ಫೋಟೋ ಎಲ್ಲಿ?”

ಮುದ್ದಯ್ಯ ತಲೆ ತಗ್ಗಿಸಿದ. ಶಶಿಕಲಾ ಲೋಟ ಕೆಳಗಿಟ್ಟು ಎರಡೂ ಕೈ ಅಗಲಿಸಿದಳು. “ಇಷ್ಟುದ್ದ ಇತ್ತು ಕಣಣ್ಣ. ನಾನೇ ತಬ್ಬಿ ಹಿಡಿದಿದ್ದೆ.”

ಮೀನು ಅಷ್ಟುದ್ದ ಇರಲಿಲ್ಲ. ಅವಳು ತೋರಿಸಿದ್ದಕ್ಕಿಂತ ಒಂದು ಗೇಣಾದರೂ ಕಡಿಮೆ ಇತ್ತು. ಮುದ್ದಯ್ಯ ತುಟಿ ಪಿಟಕ್ಕೆನ್ನದೆ ಟೀ ಕುಡಿದ.